ಶುಕ್ರವಾರ ಕಳಚದ ಕೊಂಡಿ

ಹೊನ್ನಾಳಿಯ ನಮ್ಮ ಬಾನುಲಿ ಕೇಂದ್ರ ಮುಚ್ಚುತ್ತದೆ ಎಂದಾಗ ನನಗೆ ಅಷ್ಟೇನೂ ಗಾಬರಿಯಾಗಲಿಲ್ಲ. ಧ್ವನಿಮುದ್ರಣಗಳನ್ನು ಇಡುವ ಇಲ್ಲಿನ ಸ್ಟೋರೇಜ್ ಪೆಟ್ಟಿಗೆಗೆ ಹಾಕಿದ್ದೆಲ್ಲ ತಾನಾಗಿಯೇ ಚನ್ನಗಿರಿ ಕೇಂದ್ರದ ಪೆಟ್ಟಿಗೆಗೂ ಹೋಗಿ ಕೂರುತ್ತಿತ್ತು. ಜಗಳೂರಿನವಳಾದ ನಮ್ಮವ್ವ ಕಾಟಮ್ಮ ಹಾಡಿದ ನಲವತ್ತೊಂದು ಬೀಸುವ ಪದಗಳೂ ಹಾಗೆ ಎರಡು ಕಡೆ ಇದ್ದವು. ಲಕ್ವ ಹೊಡೆದು ಮಾತು ಬಿದ್ದುಹೋದ ಮೇಲೆ, ಸಂಜೆ ಆರಕ್ಕೆ ರೇಡಿಯೊದಲ್ಲಿ ತನ್ನ ದನಿ ಕೇಳುವುದೊಂದೇ ಅವ್ವನಿಗೆ ಉಳಿದ ಸುಖ. ಪ್ರಸಾರ ನಿಂತ ದಿನ, ಚನ್ನಗಿರಿಯಿಂದ ಎಲ್ಲ ಪದ ತಂದುಕೊಡುತ್ತೇನೆ ಎಂದು ಅವಳ ಕೈ ಹಿಡಿದು ಹೇಳಿದ್ದೆ. ನನ್ನ ಮೊಬೈಲಿಗೆ ಒಂದನ್ನೂ ಹಾಕಿಕೊಂಡಿರಲಿಲ್ಲ. ಎರಡು ಊರಲ್ಲಿ ಇರುವಾಗ ಇನ್ನೊಂದು ಯಾಕೆ ಎಂಬ ಧಿಮಾಕು.

ಶನಿವಾರ ಪೆಟ್ಟಿಗೆ ಒಯ್ಯಲು ಗಾಡಿ ಬರುವುದಿತ್ತು. ಅಷ್ಟರೊಳಗೆ ಚನ್ನಗಿರಿಯ ಪೆಟ್ಟಿಗೆಗೆ ಇರುವ ಕೊಂಡಿ ಕಳಚಿ, ಆಮೇಲೆ ಇಲ್ಲಿನದನ್ನು ಅಳಿಸಿ ಖಾಲಿ ಪೆಟ್ಟಿಗೆ ಕೊಡಬೇಕು. ಕೊಂಡಿ ಇದ್ದಾಗ ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಮರೆಯಬಾರದೆಂದು ನಾನೇ ಚೀಟಿ ಬರೆದು ಗೋಡೆಗೆ ಅಂಟಿಸಿದ್ದೆ.

ಶುಕ್ರವಾರ ಮಧ್ಯಾಹ್ನ ಕೆಲಸಕ್ಕೆ ಕೂತಾಗ ಕೇಂದ್ರದ ಮುಖ್ಯಸ್ಥರು ಮಹೇಶ್ವರಪ್ಪನವರು ತಡೆದರು.

"ಶುಕ್ರವಾರ ನಾವು ಉಗುರೂ ತೆಗೆಯಲ್ಲ. ಇದ್ದ ಕೊಂಡಿ ಕಡಿಯಾಕೆ ಹೊಂಟಿದೀಯಲ್ಲ ವನಜಾಕ್ಷಿ? ಅದನ್ನ ನಾಳೆ ಮಾಡಿದ್ರಾತು. ಇವತ್ತು ಅಳಿಸೋದು ಮುಗಿಸು."

ಅವರನ್ನು ಬೈದು ನಾನು ಪಾರಾಗುವಂತಿಲ್ಲ. ಪೆಟ್ಟಿಗೆಯ ಒಳಗು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಆದರೆ ನಾನೂ ಶುಕ್ರವಾರ ಉಗುರು ತೆಗೆಯದ ಮನೆಯವಳೇ. ಮಾತು ಸರಿಯೆನಿಸಿ ತಲೆಯಾಡಿಸಿದೆ. ಪೂರ್ತಿ ಅಳಿಸಬೇಕೇ ಎಂದು ಯಂತ್ರ ಎರಡು ಸಲ ಕೇಳಿತು. ಎರಡು ಸಲವೂ ಹೌದೆಂದೆ. ಚೀಟಿ ನನ್ನ ಕಣ್ಣೆದುರಿಗೇ ಇತ್ತು.

ಮರುದಿನ ಮಹೇಶ್ವರಪ್ಪನವರು ಊದಿನಕಡ್ಡಿ ಹಚ್ಚಿದರು, ನಾನು ಕೊಂಡಿ ಕಳಚಿದೆ. ಚನ್ನಗಿರಿ ಕೇಂದ್ರದ ಪ್ರವೀಣ್ ಕುಮಾರ್‌ಗೆ ಫೋನ್ ಮಾಡಿ, ಇನ್ನು ಎಲ್ಲ ನಿಮ್ಮ ಹತ್ತಿರವೇ ಇರುವುದು, ಜೋಪಾನ ಎಂದೆ.

"ಇಲ್ಲೇನೈತಕ್ಕ? ನಿನ್ನೆ ಸಂಜೆಯಿಂದ ಖಾಲಿ ಐತೆ. ನೀವೇ ಬೇರೆ ಕಡೆ ತೆಗೆದಿಟ್ಟೀರಿ ಅಂದ್ಕೊಂಡಿದ್ದೆ."

ಅಳಿಸಿದ್ದನ್ನು ಮರಳಿ ತೆಗೆದುಕೊಡುವವರು ದಾವಣಗೆರೆಯಲ್ಲಿ ಇದ್ದಾರೆಂದು ಕೇಳಿ, ಗಾಡಿ ಬರುವ ಮೊದಲೇ ಪೆಟ್ಟಿಗೆ ಎತ್ತಿಕೊಂಡು ಓಡಿದೆ. ಅವರು ನಾಲ್ಕು ದಿನ ಇಟ್ಟುಕೊಂಡು ಕೈಚೆಲ್ಲಿದರು. ಅವ್ವನಿಗೆ ನಾನಿನ್ನೂ ನಿಜ ಹೇಳಿಲ್ಲ. ಹೇಳುವ ಧೈರ್ಯವಿಲ್ಲ.

ಈಗಲೂ ಆರು ಗಂಟೆಯಾದರೆ ಅವಳು ಎಡಗೈ ಎತ್ತಿ ರೇಡಿಯೊ ತೋರಿಸುತ್ತಾಳೆ. ನಾನು ಪಕ್ಕದಲ್ಲಿ ಕೂತು ಹಾಡುತ್ತೇನೆ. ಯಾವ ಪದವಾದರೂ ನನಗೆ ಬರುವುದು ಮೊದಲ ಎರಡು ಸಾಲು. ಮೂರನೆಯದಕ್ಕೆ ಅವ್ವನ ತುಟಿ ಅಲುಗುತ್ತದೆ, ದನಿ ಹೊರಡುವುದಿಲ್ಲ. ಅವಳು ನನ್ನ ಬಾಯಿ ನೋಡುತ್ತಾಳೆ, ನಾನು ಅವಳ ಬಾಯಿ ನೋಡುತ್ತೇನೆ.