ಸಣ್ಣರಂಗಯ್ಯನ ಮೂಗು

ಚನ್ನರಾಯನದುರ್ಗದ ಬೆಟ್ಟದ ಕೆಳಗಿನ ಕೆರೆಯಲ್ಲಿ ಗಾಳ ಹಾಕುವವರು ಬೇಕಾದಷ್ಟು ಜನ. ಆದರೆ ಮೂಗು ಅಂತ ಇರುವುದು ಸಣ್ಣರಂಗಯ್ಯನಿಗೆ ಒಬ್ಬನಿಗೇ ಎಂದು ಊರು ತೀರ್ಮಾನಿಸಿ ಇಪ್ಪತ್ತು ವರ್ಷವಾಗಿತ್ತು. ಮಿಕ್ಕವರ ಮೂಗು ಉಸಿರಾಡುವುದಕ್ಕಷ್ಟೇ. ಕಡಲೆಕಾಯಿ ಹಿಂಡಿಗೆ ಇಂಗು, ಸೋಂಪು, ಇನ್ನೂ ಏನೇನೋ ಬೆರೆಸಿ, ಮೂಸಿ, ಇನ್ನೊಂದು ಚಿಟಿಕೆ ಹಾಕಿ, ಮತ್ತೆ ಮೂಸಿ ಅವನು ಗಾಳದ ಹಿಟ್ಟು ಹದ ಮಾಡುತ್ತಿದ್ದ. ಮನೆಯ ಹಿತ್ತಲಿಗೆ ಅಂಟಿಕೊಂಡ ಕೆರೆಯ ಮೆಟ್ಟಿಲೇ ಅವನ ಖಾಯಂ ಜಾಗ. ಅಲ್ಲಿ ಅವನ ಗಾಳ ಬಿದ್ದರೆ ಗೆಂಡೆ ಮೀನುಗಳು ಬೀಗರ ಊಟಕ್ಕೆ ಬಂದವರ ಹಾಗೆ ನುಗ್ಗುತ್ತಿದ್ದವು.

ಹೋದ ವರ್ಷ ಬಂದ ಜ್ವರದಲ್ಲಿ ಆ ಮೂಗು ಕೈಕೊಟ್ಟಿತು. ಜ್ವರ ಇಳಿಯಿತು, ವಾಸನೆ ಮರಳಲಿಲ್ಲ. ಗಂಜಲವೂ ಊದುಬತ್ತಿಯೂ ಒಂದೇ ಆದವು. ಅವನು ಯಾರಿಗೂ ಹೇಳಲಿಲ್ಲ, ಹೆಂಡತಿ ಸರಸಮ್ಮನಿಗೂ. ಪೈಲ್ವಾನ ಎಲ್ಲಾದರೂ ಬೆನ್ನುನೋವು ಹೇಳಿಕೊಳ್ಳುತ್ತಾನೆಯೇ?

ಶಿರಾದ ಹೈಸ್ಕೂಲು ಮೇಷ್ಟ್ರು ಜಯಕುಮಾರ್‌ಗೆ ಭಾನುವಾರ ಬಂದರೆ ಗಾಳದ ಹುಚ್ಚು. ಆನ್‌ಲೈನಿನಲ್ಲಿ ತರಿಸಿದ ಬಾಟಲಿಯೊಂದನ್ನು ಅವರು ಒಂದು ದಿನ ಸಣ್ಣರಂಗಯ್ಯನ ಮೂಗಿನ ಕೆಳಗೆ ಹಿಡಿದರು.

“ಅಮೆರಿಕದಲ್ಲಿ ಬಾಸ್ ಅಂತ ಮೀನಂತೆ. ಇದನ್ನ ಗಾಳಕ್ಕೆ ಸವರಿದ್ರೆ ವಾಸ್ನೆ ಹಿಡ್ಕೊಂಡು ಬರ್ತಾವಂತೆ. ಏನೇನ್ ಹಾಕಿದ್ದಾರೆ ಹೇಳಿ ನೋಡಾಣ.”

ಸಣ್ಣರಂಗಯ್ಯ ಕಣ್ಣು ಮುಚ್ಚಿ ಮೂಸಿದ. ಗಾಳಿ. ಇನ್ನೊಮ್ಮೆ ಮೂಸಿದ. ಅದೇ ಗಾಳಿ.

“ಸೋಂಪು ಒಸಿ ಜಾಸ್ತಿ ಆಗೈತೆ ಕಣ್ರೀ ಮೇಷ್ಟ್ರೆ,” ಎಂದ.

ಮೇಷ್ಟ್ರು ಬಾಟಲಿಯ ಚೀಟಿ ಓದಿದರು. ಮೊದಲ ಹೆಸರೇ ಸೋಂಪು! ಕತ್ತಲಲ್ಲಿ ಎಸೆದ ಕಲ್ಲಿಗೆ ಮಾವಿನಕಾಯಿ ಬಿದ್ದಿತ್ತು. ಆ ಮೂಗಿನ ಕೀರ್ತಿ ಶಿರಾ ಮುಟ್ಟಿತು.

ಆದರೆ ಸಣ್ಣರಂಗಯ್ಯನ ನೆಮ್ಮದಿ ಕೆಟ್ಟಿದ್ದು ಬೇರೆ ಕಾರಣಕ್ಕೆ. ಮೂಸಲಾರದೆ ಕಲಸಿದ ಹಿಟ್ಟಿಗೂ ಮೀನು ಅಷ್ಟೇ ಬೀಳುತ್ತಿದ್ದವು. ಇಂಗು ಬಿಟ್ಟ, ಬಂದವು. ಸೋಂಪು ಬಿಟ್ಟ, ಬಂದವು. ಸಿಟ್ಟಿಗೆದ್ದು ಬರೀ ಗೋಧಿಹಿಟ್ಟು ಸಿಕ್ಕಿಸಿದ, ಅದಕ್ಕೂ ಎರಡು ಕೆ.ಜಿ. ಗೆಂಡೆ ಬಂತು. ಹಾಗಾದರೆ ಇಪ್ಪತ್ತು ವರ್ಷ ಮೂಸಿದ್ದು ಯಾತಕ್ಕೆ? ಒಂದೋ ಮೀನುಗಳಿಗೆ ಬುದ್ಧಿಯಿಲ್ಲ, ಇಲ್ಲವೇ ತನಗೆ. ಇವತ್ತಾದರೂ ಮೀನು ಬೀಳದಿರಲಪ್ಪಾ ಎಂದು ಗಾಳ ಹಾಕುವವನೇ ದೇವರಿಗೆ ಕೈಮುಗಿದದ್ದು ಆ ಕೆರೆಯ ಮಟ್ಟಿಗೆ ಅದೇ ಮೊದಲು.

ದೇವರು ನಿಧಾನವಾಗಿಯಾದರೂ ಕೇಳಿಸಿಕೊಂಡ. ಯುಗಾದಿ ಕಳೆದು, ಮನೆಮನೆಗೆ ನಲ್ಲಿ ಬಂದ ತಿಂಗಳಲ್ಲೇ ಮೀನು ಬೀಳುವುದು ನಿಂತಿತು. ಎರಡು ವಾರವಾದರೂ ನೀರಿನ ಮೇಲೆ ತೇಲುವ ಗಾಳದ ಬೆಂಡು ಅಲುಗಲಿಲ್ಲ. ಸಣ್ಣರಂಗಯ್ಯ ಹಿಗ್ಗಿ ಹೀರೇಕಾಯಿಯಾದ. ಅರಳಿಕಟ್ಟೆಯಲ್ಲಿ ಎಲ್ಲರೆದುರು ಹೇಳಿಯೇಬಿಟ್ಟ.

“ಜ್ವರ ಬಂದು ನನ್ ಮೂಗು ಹೊಂಟೋಗೈತೆ ಕಣ್ರಪ್ಪಾ. ಅದ್ಕೇ ಮೀನ್ ಬೀಳ್ತಿಲ್ಲ.”

“ಎಂಥಾ ಮೂಗು ಹಾಳಾಗೋಯ್ತಲ್ಲೋ!” ಎಂದು ಎದುರುಮನೆಯ ಅಡವಯ್ಯ ಲೊಚಗುಟ್ಟಿದ. ಮೇಷ್ಟ್ರು ಶಿರಾದಿಂದ ಫೋನು ಮಾಡಿ ಮರುಗಿದರು. ಸತ್ತ ಮೇಲೆ ಸಿಗುವ ಹೊಗಳಿಕೆ ಸಣ್ಣರಂಗಯ್ಯನಿಗೆ ಬದುಕಿದ್ದಾಗಲೇ ಸಿಕ್ಕಿತು.

ಅಷ್ಟರಲ್ಲಿ ಪಂಚಾಯ್ತಿ ಬೋರಿನ ಮೋಟ್ರು ಸುಟ್ಟು ನಲ್ಲಿ ಒಣಗಿತು. ಸರಸಮ್ಮ ನಲ್ಲಿ ಬರುವ ಮೊದಲಿನಂತೆ ಮುದ್ದೆ ಪಾತ್ರೆ ತೊಳೆಯಲು ಹಿತ್ತಲ ಮೆಟ್ಟಿಲಿಗೆ ಇಳಿದಳು. ನಾಲ್ಕನೆಯ ದಿನ ಬೆಳಿಗ್ಗೆ ಅವಳ ಹಿಂದೆ ಬಂದ ಸಣ್ಣರಂಗಯ್ಯ ನಿಂತಲ್ಲೇ ನಿಂತ. ಪಾತ್ರೆಯ ತಳಕ್ಕೆ ಅಂಟಿದ್ದ ಮುದ್ದೆಯ ಚೂರು ನೀರಿಗೆ ಬೀಳುತ್ತಿತ್ತು. ಅವಳ ಕಾಲ ಸುತ್ತ ಗೆಂಡೆಗಳು ಮುಗಿಬಿದ್ದಿದ್ದವು.

ಇಪ್ಪತ್ತು ವರ್ಷದ ಕೀರ್ತಿ ಹೆಂಡತಿಯ ಪಾತ್ರೆಯ ತಳದ್ದು! ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅಡವಯ್ಯ ನೋಡಿಬಿಟ್ಟರೆ?

“ಏಳೇ, ಮನೇಲೇ ತೊಳ್ಯೀವಂತೆ. ನೀರು ನಾನ್ ಹೊತ್ಕೊಡ್ತೀನಿ.”

ಮದುವೆಯಾದಾಗಿನಿಂದ ಒಂದು ಚೊಂಬು ನೀರು ಎತ್ತಿಕೊಡದ ಗಂಡ ದಿನಕ್ಕೆ ಎಂಟು ಕೊಡ ಹೊರತೊಡಗಿದ. ಊರ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಹೆಂಡತಿಯ ಮೇಲೆ ಎಂಥ ಪ್ರೀತಿ ಎಂಬ ಹೊಸ ಹೆಸರೂ ಅವನಿಗೆ ಬಂತು.

ವಾರ ಕಳೆಯುವುದರೊಳಗೆ ಭುಜ ಬಾತುಕೊಂಡಿತು. ಸರಸಮ್ಮ ಎಣ್ಣೆ ಹಚ್ಚುತ್ತಾ ಹೇಳಿದಳು: “ಸಾಕ್ ಬುಡು. ಇನ್ಮೇಲೆ ಆ ಮೆಟ್ಲತ್ರ ತೊಳ್ಯಲ್ಲ, ಆಚೆ ದಡಕ್ಕೋಗಿ ತೊಳ್ಕೊತೀನಿ. ನಿನ್ ಮೂಗಿನ್ ಮಾನ ನಂಗೂ ಬೇಕು.”

ಅವನು ಬೆಚ್ಚಿ ತಿರುಗಿದ. “ನಿಂಗೆ ಗೊತ್ತಿತ್ತಾ?”

“ದಿನಾ ಕಾಲ್ ಕಚ್ಚಿಸ್ಕೊಂಡೋಳು ನಾನಲ್ವಾ.”

“ಮತ್ಯಾಕ್ ಹೇಳ್ನಿಲ್ಲ?”

“ನೀನು ದಿನಾ ನಿನ್ ಹಿಟ್ಟೇ ಮೂಸ್ಕೊಂಡ್ ಕುಂತಿರ್ತಿದ್ದೆ. ಒಂದಿನಾನಾರ ನಾ ಮಾಡಿದ್ ಸಾರು ಘಮ್ ಅಂತೈತೆ ಅಂದಿದ್ರೆ ಹೇಳ್ತಿದ್ನೇನೋ.”

ಅವಳು ಕೈ ಒರೆಸಿಕೊಂಡು ಹೊರಗೆ ಹೋದಳು. ಒಲೆಯ ಮೇಲೆ ಹುರುಳಿಕಾಳಿನ ಸಾರು ಕುದಿಯುತ್ತಿತ್ತು. ಸಣ್ಣರಂಗಯ್ಯ ಎದ್ದು ಹೋಗಿ ಮುಚ್ಚಳ ತೆಗೆದು, ಬಗ್ಗಿ, ಎದೆ ತುಂಬ ಉಸಿರೆಳೆದ. ಹಬೆ ಮುಖಕ್ಕೆ ಬಡಿಯಿತು, ವಾಸನೆ ಬರಲಿಲ್ಲ. ಮೂಗು ಹೋಗಿದ್ದಕ್ಕೆ ಅವನು ಮೊದಲ ಸಲ ಅತ್ತಿದ್ದು ಆಗ.