ನೀಲಿ ತಲೆಯ ಪಿನ್ನು

ನೊಣವೊಂದು ನದಿ ದಾಟಿತು, ಗೋಡೆಯ ನಕ್ಷೆಯಲ್ಲಿ ನದಿ ದಾಟುವುದು ಎಷ್ಟು ಸಲೀಸು, ಸೇತುವೆಗೆ ಚುಚ್ಚಿದ ನೀಲಿ ಪಿನ್ನಿನ ತಲೆ ಮೇಲೆ ಕೂತು ಕೈ ಉಜ್ಜಿಕೊಳ್ಳುತ್ತಿದೆ, ಕೂತ್ಕೋ ಮಹರಾಯ, ಆ ಸೇತುವೆ ಮೇಲೆ ಈಗ ನಮ್ಮ ಕಡೆಯವನು ಅಂತ ಇರುವುದು ನೀನೊಬ್ಬನೇ. ನೀಲಿ ನಮ್ಮದು, ಕೆಂಪು ಅವರದು, ಚುಚ್ಚುವುದು ನನ್ನ ಕೆಲಸ, ಮುಂದೆ ಹೋಗುವ ಪಿನ್ನಿಗೆ ಯಾರ ಅಪ್ಪಣೆಯೂ ಬೇಡ, ಹಿಂದೆ ಬರುವ ಪಿನ್ನಿಗೆ ಮಾತ್ರ ಕ್ಯಾಪ್ಟನ್ ಸಹಿ, ಮೇಜರ್ ಸಹಿ, ಕರ್ನಲ್ ಸಹಿ — ಸೇತುವೆ ಬಿಟ್ಟು ಬಂದಿದ್ದೀವಿ ಅಂತ ಬೆಳಿಗ್ಗೆ ವೈರ್‌ಲೆಸ್‌ನಲ್ಲಿ ಸೇತುವೆ ಕಾವಲಿನ ಹುಡುಗ ಕಿರುಚಿದ್ದನ್ನು ನಾನೂ ಕೇಳಿದೆ, ಕ್ಯಾಪ್ಟನ್ನೂ ಕೇಳಿದರು, ಕೇಳಿ, ಇರಲಿ ಬಿಡಮ್ಮ, ಸಂಜೆಯೊಳಗೆ ಮತ್ತೆ ಹಿಡೀತಾರೆ, ಸುಮ್ನೆ ಕಿತ್ತು ಮತ್ತೆ ಯಾಕೆ ಚುಚ್ಚೋದು, ಜನರಲ್ ಸಾಹೇಬ್ರು ತಿಂಡಿ ತಿಂತಿದಾರೆ ಅಂದರು. ಜನರಲ್ ತಿಂಡಿ ಮುಗಿಸಿ ಬಂದರು, ನೀಲಿ ನೋಡಿದರು, ಮುಖ ಅರಳಿತು, ಆಚೆ ದಡದ ನಮ್ಮ ಟ್ಯಾಂಕುಗಳಿಗೆ ಡೀಸೆಲ್ ಮುಗಿದಿದೆ, ಸೇತುವೆ ಮೇಲೆ ಲಾರಿ ಕಳಿಸಿ ಅಂದರು, ಮೊದಲ ಲಾರಿ ಓಡಿಸುವವನು ನನ್ನ ತಮ್ಮ.

ಅಮ್ಮ ಬಟ್ಟೆ ಹೊಲಿಯುವಾಗ ತುಟಿಯಲ್ಲಿ ಪಿನ್ನು ಕಚ್ಚಿಕೊಂಡಿರುತ್ತಿದ್ದಳು, ಬಾಯಲ್ಲಿ ಪಿನ್ನಿದ್ದಾಗ ಸುಳ್ಳು ಹೇಳಿದ್ರೆ ನಾಲಿಗೆಗೆ ಚುಚ್ಚುತ್ತೆ ಕಣೋ ಅಂತ ತಮ್ಮನಿಗೆ ಹೇಳುತ್ತಿದ್ದಳು, ನಂಬಿಬಿಟ್ಟಿದ್ದ ಪೆದ್ದ, ಸಕ್ಕರೆ ಡಬ್ಬಿ ಖಾಲಿಯಾದಾಗಲೆಲ್ಲ ಅಕ್ಕಾ ನೀನು ಪಿನ್ನು ಕಚ್ಕೊಂಡು ಹೇಳು ಅಂತ ನನಗೇ ಗಂಟುಬೀಳುತ್ತಿದ್ದ, ಇವತ್ತೂ ಅದೇ, ಹೊರಡುವ ಮುಂಚೆ ಗೇಟಿನಿಂದ ಫೋನು, ಅಕ್ಕಾ, ಸೇತುವೆ ನಮ್ಮದೇ ತಾನೆ, ಇಲ್ಲಿ ಏನೇನೋ ಮಾತಾಡ್ತಿದಾರೆ, ಪಿನ್ನು ಕಚ್ಕೊಂಡು ಹೇಳು ನೋಡೋಣ — ಕ್ಯಾಪ್ಟನ್ ಎದುರಿಗೇ ನಿಂತಿದ್ದರು, ಹಿಂದೊಮ್ಮೆ ಸಹಿಯಿಲ್ಲದೆ ಪಿನ್ನು ಸರಿಸಿದವಳನ್ನು ಎಲ್ಲಿಗೆ ಕಳಿಸಿದರು ಅಂತ ಇಲ್ಲಿ ಎಲ್ಲರಿಗೂ ಗೊತ್ತು — ನಕ್ಷೇಲಿ ನೀಲೀನೇ ಇದೆ ಕಣೋ, ಅಂದೆ. ಸುಳ್ಳಲ್ಲ, ನಕ್ಷೆಯಲ್ಲಿ ನೀಲಿಯೇ ಇದೆ, ನನ್ನ ಬಾಯಿಗಿಷ್ಟು ಮಣ್ಣು ಹಾಕ. ಹಾಗಾದ್ರೆ ಸರಿ ಅಂದ, ನಕ್ಕ, ಫೋನಿಟ್ಟ. ಕ್ಯಾಪ್ಟನ್ ಆ ಕಡೆ ತಿರುಗಿದ್ದೇ ತಡ ಗೇಟಿಗೆ ಫೋನು ಮಾಡಿದೆ, ಹೊರಟಾಯ್ತಲ್ಲಮ್ಮ, ಧೂಳು ಕೂಡ ಇಳೀತು ಅಂದ ಕಾವಲಿನವ.

ಈಗ ವೈರ್‌ಲೆಸ್‌ನಲ್ಲಿ ಬರೀ ಗೊರಗೊರ, ಲಾರಿಗಳನ್ನು ಕರೆದೂ ಕರೆದೂ ಆಪರೇಟರಿಗೆ ಗಂಟಲು ಬಿದ್ದಿದೆ, ಜನರಲ್ ಕೇಳುತ್ತಾರೆ ಲಾರಿ ಎಲ್ಲಿ, ಕ್ಯಾಪ್ಟನ್ ಅನ್ನುತ್ತಾರೆ ದಾಟ್ತಾ ಇರಬೇಕು ಸಾರ್, ಮೇಜರ್ ಅನ್ನುತ್ತಾರೆ ದಾಟ್ತಾ ಇವೆ ಸಾರ್, ಕರ್ನಲ್ ಬಾಯಿಗೆ ಬರುವಷ್ಟರಲ್ಲಿ ದಾಟಿಯೇ ಬಿಟ್ಟವು, ಹಾಗಾದರೆ ಟ್ಯಾಂಕುಗಳು ನುಗ್ಗಲಿ ಅನ್ನುತ್ತಾರೆ ಜನರಲ್, ಏನು ಕುಡಿದು ನುಗ್ಗುತ್ತವೋ, ನಮ್ಮ ಸಹಿಯ ಶಾಯಿಯನ್ನೇ — ತಗೋಮ್ಮ, ಆಚೆ ದಡದಲ್ಲಿ ಚುಚ್ಚು, ಕ್ಯಾಪ್ಟನ್ ಹೊಸ ಪಿನ್ನು ಕೊಡುತ್ತಾರೆ, ಸ್ಟೂಲು ಎಳೆಯಬೇಕು, ಎರಡೂ ಕೈ ಬೇಕು, ಅಭ್ಯಾಸ, ಅಮ್ಮನದೇ ಅಭ್ಯಾಸ, ತುಟಿಗೆ ಸಿಕ್ಕಿಸಿಕೊಂಡೆ, ತಣ್ಣಗೆ ಕಬ್ಬಿಣದ ರುಚಿ. ಏನಮ್ಮಾ, ಲಾರಿ ದಾಟಿದಾವೆ ತಾನೆ, ಜನರಲ್ ಈಗ ನನ್ನನ್ನೇ ಕೇಳುತ್ತಿದ್ದಾರೆ, ಎಲ್ಲರೂ ನನ್ನ ಕಡೆ ನೋಡುತ್ತಿದ್ದಾರೆ, ಅಕ್ಕಾ, ಪಿನ್ನು ಕಚ್ಕೊಂಡು ಹೇಳು ನೋಡೋಣ, ನೀಲಿ ತಲೆ ತುಟಿಯಾಚೆ, ಮೊನೆ ನಾಲಿಗೆ ಮೇಲೆ, ಹೇಳು ಅಕ್ಕಾ, ಮೊನೆ ನಾಲಿಗೆ ಮೇಲೆ —