ಸ್ಟೂಲಿನ ಕೆಳಗಿನ ಕಾಲರುಗಳು

ಅಂಗಿ ಹೊಲಿಯುವ ಕಾರ್ಖಾನೆಗೆ ಹೊಸ ಮೇಲ್ವಿಚಾರಕ ಬಂದ. ಕೈಯಲ್ಲಿ ಗಡಿಯಾರ ಹಿಡಿದು ಯಾರದಾದರೂ ಬೆನ್ನ ಹಿಂದೆ ನಿಲ್ಲುತ್ತಿದ್ದುದರಿಂದ ಮಧ್ಯಾಹ್ನದೊಳಗೆ ಅವನಿಗೆ ಟಿಕ್‌ಟಿಕ್ ಎಂಬ ಹೆಸರು ಬಿತ್ತು. ಅವನು ಮೊದಲು ಮಾಡಿದ್ದು ಮೆಷಿನ್‌ಗಳ ನಡುವೆ ಪೇರಿಸಿಟ್ಟಿದ್ದ ಅರೆಹೊಲಿದ ಅಂಗಿಗಳ ರಾಶಿಗಳನ್ನೆಲ್ಲ ಎತ್ತಿಸಿದ್ದು.

"ಇನ್ಮೇಲೆ ಒಂದೊಂದೇ ಅಂಗಿ, ಕೈಯಿಂದ ಕೈಗೆ. ಎಲ್ಲೂ ನಿಲ್ಲಬಾರದು, ನೀರು ಹರಿದ ಹಾಗೆ ಹೋಗ್ಬೇಕು."

"ನೀರು ಜೋರಾದ್ರೆ ಕೊಚ್ಚಿಕೊಂಡು ಹೋಗೋದು ನಾವೇ ಕಣ್ರೇ," ಎಂದಳು ಗುಂಡಿ ಹಾಕುವವಳು. ಎಲ್ಲರೂ ನಕ್ಕರು. ಕಾಲರ್ ಹೊಲಿಯುವವಳು ಮಾತ್ರ ನಗಲಿಲ್ಲ.

ಅವಳ ಪಕ್ಕದ ಮೆಷಿನ್ನಿನಲ್ಲಿ ಕೂರುತ್ತಿದ್ದುದು ಅವಳ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಮನೆಯಲ್ಲೂ ಅಕ್ಕ, ಇಲ್ಲೂ ಅಕ್ಕ. ಇವಳು ಹೊಲಿದ ಕಾಲರನ್ನು ಅಂಗಿಗೆ ಕೂಡಿಸುವುದು ಅಕ್ಕನ ಕೆಲಸ. ಕಡುನೀಲಿ ಬಟ್ಟೆ ಬಂತೆಂದರೆ ಅಕ್ಕನ ಕೈ ತಡವರಿಸುತ್ತಿತ್ತು. ಹೊಲಿಗೆಯನ್ನು ಮೂಗಿನ ಹತ್ತಿರ ತಂದು ನೋಡುತ್ತಿದ್ದಳು. ರಾಶಿ ಇದ್ದಾಗ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಇವಳೇ ಅಕ್ಕನ ರಾಶಿಯಿಂದ ಒಂದಷ್ಟು ಎಳೆದುಕೊಂಡು ಮುಗಿಸಿ, ಸದ್ದಿಲ್ಲದೆ ಮುಂದೆ ದಾಟಿಸುತ್ತಿದ್ದಳು. ಭಾವ ಹಾಸಿಗೆ ಹಿಡಿದಿದ್ದರು. ಅಕ್ಕನ ಸಂಬಳ ನಿಂತರೆ ಆ ಮನೆಯ ಒಲೆ ಹೊತ್ತುವುದಿಲ್ಲ.

ನಿಧಾನದ ಕೈ ಹುಡುಕಿ ಮನೆಗೆ ಕಳಿಸುವುದಕ್ಕೇ ಈ ಆಟವೆಂದು ಅವಳು ತೀರ್ಮಾನಿಸಿದಳು. ಇಲ್ಲದಿದ್ದರೆ ಟಿಕ್‌ಟಿಕ್ ಅಕ್ಕನ ಹಿಂದೆಯೇ ಅಷ್ಟು ಹೊತ್ತು ಯಾಕೆ ನಿಲ್ಲಬೇಕು? ತಿರುಗಿ ನೋಡಿದರೆ ಛಾವಣಿ ನೋಡುವ ನಾಟಕ ಯಾಕೆ? "ಚಹಾ ಆಯ್ತಾ ಅಮ್ಮ?" ಎಂಬ ಬೆಣ್ಣೆ ಮಾತು ಯಾಕೆ?

ರಾಶಿ ಇಲ್ಲದಿದ್ದರೆ ಏನಂತೆ, ಸ್ಟೂಲಿನ ಕೆಳಗೆ ಜಾಗವಿತ್ತು. ಊಟದ ಬಿಡುವಿನಲ್ಲಿ ಅವಳು ಒಂದಷ್ಟು ಕಾಲರ್ ಹೊಲಿದು ಚೀಲದಲ್ಲಿ ಅಲ್ಲಿ ಬಚ್ಚಿಟ್ಟಳು. ಅಂಗಿ ಬಂದಾಗ ಸಿದ್ಧ ಕಾಲರ್ ತೆಗೆದು, ಉಳಿದ ಹೊತ್ತಿನಲ್ಲಿ ಅಕ್ಕನ ಕೆಲಸವನ್ನೂ ಮುಗಿಸಿ ದಾಟಿಸುತ್ತಿದ್ದಳು. ಆ ಅಂಗಿಯ ಸ್ವಂತ ಕಾಲರ್ ತುಂಡುಗಳು ಮರುದಿನದ ಚೀಲಕ್ಕೆ ಹೋಗುತ್ತಿದ್ದವು. ಟಿಕ್‌ಟಿಕ್ ಬಂದರೆ ಸೀರೆಯ ನೆರಿಗೆ ಚೀಲದ ಮೇಲೆ ಇಳಿಯುತ್ತಿತ್ತು.

ಒಂದು ಬೆಳಿಗ್ಗೆ ಬಟ್ಟೆಯ ಸುರುಳಿ ಬದಲಾಯಿತು. ಅದೇ ಕಡುನೀಲಿ, ಆದರೆ ಬಣ್ಣದ ಬೇರೆ ಹದ. ಚೀಲದಲ್ಲಿದ್ದ ಕಾಲರುಗಳು ಹಳೆಯ ಸುರುಳಿಯವು. ಟ್ಯೂಬ್‌ಲೈಟಿನ ಕೆಳಗೆ ಎರಡೂ ಒಂದೇ. ಕಿಟಕಿಯ ಬಿಸಿಲಿನಲ್ಲಿ ಅಂಗಿ ಪರೀಕ್ಷಿಸುವವಳು ಮಾತ್ರ ಕೂಗಿಕೊಂಡಳು: "ಅಯ್ಯೋ, ಇದೇನ್ರೀ! ಮೈ ಒಂದು ಬಣ್ಣ, ಕತ್ತು ಒಂದು ಬಣ್ಣ!"

ಟಿಕ್‌ಟಿಕ್ ನೇರ ಕಾಲರ್ ಹೊಲಿಯುವವಳ ಹತ್ತಿರ ಬಂದು ಬಗ್ಗಿದ. ನೆರಿಗೆಯ ಮರೆಯಿಂದ ಚೀಲ ಹೊರಬಂತು.

"ಇದು ಯಾತಕ್ಕಮ್ಮ?"

ಅಕ್ಕನೇ ಎದ್ದು ನಿಂತಳು. "ನನಗೋಸ್ಕರ. ಕಡುಬಣ್ಣದ ಬಟ್ಟೆ ನನಗೆ ಕಾಣಲ್ಲ. ಕಳಿಸೋದಾದ್ರೆ ನನ್ನನ್ನ ಕಳಿಸಿ."

"ಕೂತ್ಕೋ ಅಕ್ಕ!"

"ನೀನು ಸುಮ್ನಿರೇ!"

ಟಿಕ್‌ಟಿಕ್ ಮತ್ತೆ ಛಾವಣಿ ನೋಡಿದ. "ನಿಮ್ಮ ತಲೆ ನೆರಳೇ ಸೂಜಿ ಮೇಲೆ ಬೀಳತ್ತಲ್ಲಮ್ಮ. ಲೈಟು ಹಿಂದಿದೆ. ನನಗೆ ಮೊದಲ ದಿನವೇ ಅನುಮಾನ. ಆದ್ರೆ ನೋಡಿದಾಗಲೆಲ್ಲ ಅಂಗಿ ಸಲೀಸಾಗಿ ಮುಂದೆ ಹೋಗ್ತಿತ್ತು."

ಇಬ್ಬರ ಮೆಷಿನ್‌ಗಳನ್ನೂ ಕಿಟಕಿಯ ಪಕ್ಕಕ್ಕೆ ಎಳೆಸಿದ. ಕೈಯಿಂದ ಕೈಗೆ ಅಂದಮೇಲೆ ಇಬ್ಬರೂ ಒಟ್ಟಿಗೇ ಹೋಗಬೇಕು. ಕಿಟಕಿಯ ಮಗ್ಗುಲಲ್ಲೇ ಬಾಗಿಲು. ಇವತ್ತು ಬೆಳಕು ಕೊಟ್ಟವನು ನಾಳೆ ಆ ಬಾಗಿಲಿನತ್ತ ಕೈ ತೋರಿಸುವುದಿಲ್ಲವೆಂದು ಏನು ಖಾತ್ರಿ?

ಅಕ್ಕ ಕಡುನೀಲಿ ಅಂಗಿಗೆ ಕಾಲರ್ ಕೂಡಿಸಿದಳು. ಮೂಗು ಬಟ್ಟೆಗೆ ತಾಗಲಿಲ್ಲ. ಹೊಲಿಗೆಯನ್ನು ಬೆರಳಿನಿಂದ ಸವರಿ ಬಹಳ ಹೊತ್ತು ನೋಡಿದಳು.

"ಒಂದು ಮಾತು ಕೇಳದೆ ನನ್ನ ಕೆಲಸ ಎಳ್ಕೋತಿದ್ದೆ," ಎಂದಳು ತಗ್ಗಿದ ದನಿಯಲ್ಲಿ. "ಕಣ್ಣು ಹೋಯ್ತು ಅಂತ ನಾನು ರಾತ್ರಿಯೆಲ್ಲ ಹೆದರಿ ಸಾಯ್ತಿದ್ದೆನಲ್ಲೇ."

ಮುಂದಿನ ಅಂಗಿ ಬಂತು. ಇವಳ ಕೈ ತಾನಾಗಿ ಸ್ಟೂಲಿನ ಕೆಳಗೆ ಹೋಯಿತು. ಅಲ್ಲಿ ಬರೀ ನೆಲ. ಗಡಿಬಿಡಿಯಲ್ಲಿ ದಾರ ತುಂಡಾಯಿತು.

"ಕಾಲರ್ ಎಲ್ಲೇ? ಕೈ ಖಾಲಿ ಕೂತಿದೀನಿ," ಎಂದು ಅಕ್ಕ ಕೈ ಚಾಚಿದಳು.

ಬೆನ್ನ ಹಿಂದೆ ಯಾರೋ ಬಂದು ನಿಂತರು. ಇವಳು ತಿರುಗದೆ, ದಾರ ಪೋಣಿಸತೊಡಗಿದಳು.